ಮಂಡಿ ಊದಿದ ಮಗುವಿನ ಕಣ್ಣನ್ನೂ ತೋರಿಸಿ



ಇತ್ತೀಚೆಗೆ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಸಾಲದ ಲೆಕ್ಕ ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು: "ಸಿಸ್ಟರ್, ನಮ್ಮತ್ತೆಗೆ ಪೊರೆ ಬಂದಾಗ ಕ್ಯಾಂಪಿನವರು ಕರ್ಕೊಂಡು ಹೋಗಿ, ಆಪರೇಶನ್ ಮಾಡಿ ಮಾರನೇ ದಿನ ಬಿಟ್ರು. ನನ್ನ ಆರು ವರ್ಷದ ಮಗಳಿಗೆ ಮಾತ್ರ ಡಾಕ್ಟ್ರು ಈಗ ಬೇಡ, ಕಾಯಿರಿ ಅಂತಾರೆ. ಯಾಕೆ?" ಆ ಮಗುವಿಗೆ ಮೂರು ವರ್ಷದಿಂದ ಮಂಡಿ ಊತ.

ಸಂಧಿವಾತ ಮುದುಕರಿಗೆ ಮಾತ್ರ ಅಂತ ತಿಳಿಯಬೇಡಿ, ಮಕ್ಕಳಿಗೂ ಬರುತ್ತದೆ. ಇಂಥ ಕೆಲವು ಮಕ್ಕಳಿಗೆ, ಅದರಲ್ಲೂ ಕೆಲವೇ ಕೀಲು ಊದಿದ ಚಿಕ್ಕ ಹೆಣ್ಣುಮಕ್ಕಳಿಗೆ, ಕಣ್ಣಿನೊಳಗೂ ಉರಿಯೂತ ಆಗುತ್ತದೆ. ಮೋಸ ಇರುವುದು ಇಲ್ಲೇ. ಹೆಚ್ಚಿನವರಿಗೆ ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ಮಗು ಆಡಿಕೊಂಡೇ ಇರುತ್ತದೆ. ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಲ್ಲಿ ನೋಡಿದರೇ ತಿಳಿಯುವುದು. ಅಪಾಯ ಹೆಚ್ಚಿರುವ ಮಕ್ಕಳನ್ನು 3 ತಿಂಗಳಿಗೊಮ್ಮೆ ತೋರಿಸಬೇಕು.

ಪೊರೆ ಬರುವುದು ಈ ಉರಿಯೂತದಿಂದ. ಅದಕ್ಕೆ ಬಹುಕಾಲ ಹಾಕುವ ಸ್ಟೀರಾಯ್ಡ್ ಹನಿಯಿಂದಲೂ ಬರಬಹುದು. ಹಾಗಂತ ಹನಿಯನ್ನು ನಾವಾಗಿ ನಿಲ್ಲಿಸಬಾರದು.

ಅತ್ತೆಯವರ ಕಣ್ಣಿನಲ್ಲಿ ಪೊರೆ ಒಂದೇ ತೊಂದರೆ. ಮಗುವಿನ ಕಣ್ಣು ಒಳಗೆ ಬೂದಿ ಮುಚ್ಚಿದ ಕೆಂಡ. ಅದು ಆರುವ ಮೊದಲೇ ಆಪರೇಶನ್ ಮಾಡಿದರೆ ಉರಿಯೂತ ಕೆರಳುತ್ತದೆ, ಲೆನ್ಸಿನ ಮೇಲೆ ಪದರ ಕಟ್ಟುತ್ತದೆ, ಇದ್ದ ದೃಷ್ಟಿಯೂ ಹೋಗಬಹುದು. ಅದಕ್ಕೇ ಸಾಮಾನ್ಯವಾಗಿ ಕಣ್ಣು ಕನಿಷ್ಠ 3 ತಿಂಗಳು ಶಾಂತವಾಗಿರಲಿ ಅಂತ ಕಾಯಿಸುತ್ತಾರೆ. ಶಾಂತ ಮಾಡಲು ಮೆಥೊಟ್ರೆಕ್ಸೇಟ್ ಕೊಡುತ್ತಾರೆ. ಇದು ವಾರಕ್ಕೆ ಒಂದೇ ದಿನದ ಔಷಧಿ, ದಿನಾ ಕೊಟ್ಟರೆ ಪ್ರಾಣಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅದು ಸಾಲದಿದ್ದರೆ ಅಡಾಲಿಮುಮಾಬ್ ಇಂಜೆಕ್ಷನ್ ಸೇರಿಸುತ್ತಾರೆ; ಇವೆರಡೂ ಸೇರಿದರೆ ಹೆಚ್ಚು ಗುಣ ಎಂದು 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿತು. ಬೆಲೆ ಜಾಸ್ತಿ, ಸರ್ಕಾರಿ ಯೋಜನೆಯಲ್ಲಿ ಸಿಗುವುದೇ ಎಂದು ಆಸ್ಪತ್ರೆಯಲ್ಲಿ ಸಂಕೋಚವಿಲ್ಲದೆ ವಿಚಾರಿಸಿ.

ಇನ್ನೊಂದು ಮಾತು. ಎಲ್ಲ ಮಕ್ಕಳಿಗೂ ಒಳಗೆ ಲೆನ್ಸ್ ಕೂರಿಸುವುದಿಲ್ಲ, ಕೆಲವರಿಗೆ ದಪ್ಪ ಕನ್ನಡಕವೇ ಗತಿ. "ಹೆಣ್ಣುಮಗಳಿಗೆ ಸೋಡಾಬುಡ್ಡಿ ಕನ್ನಡಕವಾ?" ಅಂತ ಅಜ್ಜಿಯರು ಗೊಣಗುತ್ತಾರೆ, ಗೊಣಗಲಿ ಬಿಡಿ. ಚಿಕ್ಕವರಲ್ಲಿ ಮಿದುಳು ಇನ್ನೂ ನೋಡಲು ಕಲಿಯುತ್ತಿರುತ್ತದೆ. ಆದ್ದರಿಂದ ಆಪರೇಶನ್ನನ್ನು ಸುಮ್ಮನೆ ವರ್ಷಗಟ್ಟಲೆ ಮುಂದೂಡುವುದೂ ತಪ್ಪು. ಆಮೇಲೆ ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟಲು ಹೇಳಿದರೆ, ಮಗು ಅತ್ತರೂ ಕಟ್ಟಬೇಕು. ಕಣ್ಣಿನ ಒತ್ತಡದ ಪರೀಕ್ಷೆಯೂ ತಪ್ಪಬಾರದು.

ಆ ತಾಯಿಗೆ ಸಂಘದವರು ಅಂದೇ ಬಸ್ಸಿನ ಖರ್ಚಿಗೆ ಬಡ್ಡಿಯಿಲ್ಲದ ಸಾಲ ಬರೆದರು. ನಿಮ್ಮ ಬೀದಿಯಲ್ಲಿ ಬೆಳಿಗ್ಗೆ ಎದ್ದಾಗ ಕುಂಟುವ ಮಗು ಇದ್ದರೆ, ಅಂಗನವಾಡಿಗೆ ಬರುವ ಮಕ್ಕಳ ಆರೋಗ್ಯ ತಪಾಸಣೆ ತಂಡಕ್ಕೆ ಮಂಡಿ, ಕಣ್ಣು ಎರಡನ್ನೂ ತೋರಿಸಿ.