ಮಲ್ಲಯ್ಯನ ದಾರ್ಯಾಗ

ನಮ್ಮ ಮುಶಿಗೇರಿ ಕಡೆ ಕಡಲೆ, ಜೋಳದ ರಾಶಿ ಮುಗಿಯುತ್ತಿದ್ದಂತೆ ಶ್ರೀಶೈಲದ ಮಾತು ಶುರುವಾಗುತ್ತದೆ. ಯುಗಾದಿಗೆ ಅಲ್ಲಿನ ಮಲ್ಲಯ್ಯನ ಕಂಬಿ, ಅಂದರೆ ಹೆಗಲ ಮೇಲೆ ಹೊರುವ ಕಾವಡಿ, ಹೊರಟರೆ ಅದರ ಹಿಂದೆ ಗದಗ, ಬಾಗಲಕೋಟೆ, ಬೆಳಗಾವಿ ಸೀಮೆಯ ಸಾವಿರಾರು ಮಂದಿ ನಡೆಯುತ್ತಾರೆ. ಮಲ್ಲಯ್ಯನ ಮಡದಿ ಭ್ರಮರಾಂಬೆ ಕನ್ನಡದವರ ಮನೆಮಗಳು, ಮಲ್ಲಯ್ಯ ಅಳಿಯ ಎಂಬುದು ನಂಬಿಕೆ. ಹಾಗಾಗಿ ಹೆಂಗಸರ ಗಂಟಿನಲ್ಲಿ ಸೀರೆ, ಕುಪ್ಪಸ, ಅರಿಶಿನ-ಕುಂಕುಮ ಇದ್ದೇ ಇರುತ್ತದೆ. ತವರಿನವರು ಬರಿಗೈಲಿ ಹೋಗುವುದುಂಟೇ?

ರಾಯಚೂರು, ಕರ್ನೂಲು ದಾಟಿ ಆತ್ಮಕೂರಿನವರೆಗೆ ಹಾದಿ ಬಹುತೇಕ ಸಪಾಟು. ಇಲ್ಲಿ ವೈರಿಗಳೆಂದರೆ ಬಿಸಿಲು ಮತ್ತು ಡಾಂಬರು. ನಸುಕಿನಲ್ಲೇ ಎದ್ದು, ಬಿಸಿಲೇರುವ ಮೊದಲು ನೆರಳು ಹಿಡಿಯಬೇಕು. ಹೊಸ ಚಪ್ಪಲಿ ಬೇಡವೇ ಬೇಡ. ಅಂಗಾಲಿಗೆ ಗುಳ್ಳೆ ಎದ್ದರೆ ತಂಡದ ಹಿರಿಯರು ಸೂಜಿ-ದಾರ ತೂರಿಸಿ, ದಾರವನ್ನು ಒಳಗೇ ಬಿಡುತ್ತಾರೆ. ರಾತ್ರಿಯಿಡೀ ನೀರು ಬಸಿಯುತ್ತದೆ. ನಂಜಾಗುತ್ತದೆಂದು ಡಾಕ್ಟರು ಬೈಯುತ್ತಾರೆ, ಅವರ ಮಾತೇ ಸರಿ. ಗುಳ್ಳೆ ಒಡೆಯದೆ ಮೆತ್ತನೆ ಬಟ್ಟೆ ಸುತ್ತಿಕೊಂಡವರೇ ಬೇಗ ಸುಧಾರಿಸಿದ್ದನ್ನು ನೋಡಿದ್ದೇನೆ.

ಊಟದ ಚಿಂತೆಯಿಲ್ಲ. ದಾರಿಯುದ್ದಕ್ಕೂ ದಾಸೋಹದವರು ಕೈಹಿಡಿದು ಕೂರಿಸಿ ರೊಟ್ಟಿ, ಪಲ್ಯೆ, ಶಿರಾ ಬಡಿಸುತ್ತಾರೆ. ಆಗ್ರಹಕ್ಕೆ ಸೋತು ಗಡದ್ದಾಗಿ ಉಂಡವರೇ ಮೊದಲು ಹಿಂದೆ ಬೀಳುವುದು!

ಆಮೇಲೆ ನಲ್ಲಮಲ ಕಾಡು. ನಾಗಲೂಟಿ ವೀರಭದ್ರನಿಗೆ ಕೈಮುಗಿದು ಹಳೆಯ ಕಲ್ಲುಮೆಟ್ಟಿಲು ಹತ್ತಿದರೆ ಪೆದ್ದಚೆರುವು, ಮುಂದೆ ಭೀಮನಕೊಳ್ಳ. ಕೊಳ್ಳಕ್ಕೆ ಇಳಿದು, ಎದುರಿನ ಕಡಿದಾದ ಏರು ಹತ್ತಿದರೆ ಕೈಲಾಸದ್ವಾರ. ಎಲ್ಲರೂ ಏರಿಗೆ ಹೆದರುತ್ತಾರೆ; ನನ್ನ ಕೇಳಿದರೆ ಇಳಿಜಾರೇ ಕಠಿಣ. ಏರಿನಲ್ಲಿ ಉಸಿರು ಸೋತರೆ ಕೂತು ಸುಧಾರಿಸಿಕೊಳ್ಳಬಹುದು, ಇಳಿಜಾರಿನಲ್ಲಿ ಮೊಣಕಾಲು ಹೋದರೆ ಮುಗಿಯಿತು. ಕೋಲನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ, ಆಮೇಲೆ ಕಾಲಿಡಬೇಕು. ಇಂಥದರಲ್ಲಿ ಮರಗಾಲು ಕಟ್ಟಿಕೊಂಡು ಹೋಗುವ ಭಕ್ತರೂ ಇದ್ದಾರೆ. ಅವರ ಲೆಕ್ಕವೇ ಬೇರೆ. ನಮ್ಮಂಥವರಿಗೆ ತಾಲೀಮಿಗೆ ಗಜೇಂದ್ರಗಡದ ಕಾಲಕಾಲೇಶ್ವರನ ಮೆಟ್ಟಿಲುಗಳಿವೆ. ಹೊರಡುವ ತಿಂಗಳು ಮುಂಚಿನಿಂದ ದಿನಾ ಹತ್ತಿ, ಅಲ್ಲಿನ ಅಂತರಗಂಗೆಯ ನೀರು ಕುಡಿದು, ನಿಧಾನಕ್ಕೆ ಇಳಿದು ಬಂದರೆ ಮೊಣಕಾಲು ಪಳಗುತ್ತವೆ.

ದಾರಿಯ ನಲ್ಲಮಲ ಕಾಡು ನಾಗಾರ್ಜುನಸಾಗರ-ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶ. ನಾವು ಬಿಸಾಡಿದ ನೀರಿನ ಪಾಕೀಟು ಜಿಂಕೆಯ ಹೊಟ್ಟೆ ಸೇರುತ್ತದೆ. ಅದಕ್ಕೇ ಈ ಸಲ ಹೊರಡುವವರು ಒಂದು ಸ್ಟೀಲ್ ತಾಟು, ಒಂದು ಚಂಬು ಜೋಳಿಗೆಯಲ್ಲಿ ಇಟ್ಟುಕೊಳ್ಳಿ.