ಬಿಸಿಲು ಮತ್ತು ‘ಡಿ’ ಜೀವಸತ್ವ: ಗರ್ಭಿಣಿ, ಬಾಣಂತಿ ಹಾಗೂ ಕೂಸಿನ ಆರೋಗ್ಯ

ನಮ್ಮ ನಾಡಿನಲ್ಲಿ ಮಳೆಗೆ ಬರ ಬಂದೀತು, ಬಿಸಿಲಿಗೆ ಬರವೆಂಬುದಿಲ್ಲ. ಆದರೂ ಬಿಸಿಲಿನಿಂದಲೇ ದೇಹಕ್ಕೆ ದೊರೆಯಬೇಕಾದ ‘ಡಿ’ ಜೀವಸತ್ವದ ಕೊರತೆಯು ಗರ್ಭಿಣಿಯರಲ್ಲಿಯೂ ಬಾಣಂತಿಯರಲ್ಲಿಯೂ ಎಳೆಯ ಕೂಸುಗಳಲ್ಲಿಯೂ ವ್ಯಾಪಕವಾಗಿ ಕಂಡುಬರುತ್ತಿದೆ. ಅಂಗಳದಲ್ಲಿ ಬೇಕಾದಷ್ಟು ಬಿದ್ದಿರುವ ವಸ್ತುವು ಮನೆಯೊಳಗಿನವರಿಗೆ ಏಕೆ ದೊರೆಯುತ್ತಿಲ್ಲ ಎಂಬುದನ್ನು ಪತಿಪತ್ನಿಯರಿಬ್ಬರೂ ಕೂಡಿ ಓದಿ ಆಲೋಚಿಸಬೇಕು.

ಉಳಿದ ಜೀವಸತ್ವಗಳನ್ನು ನಾವು ಮುಖ್ಯವಾಗಿ ಆಹಾರದಿಂದ ಪಡೆಯುತ್ತೇವೆ. ‘ಡಿ’ ಜೀವಸತ್ವದ ಬಗೆ ಬೇರೆ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಇವುಗಳಲ್ಲಿ ಒಂದು ಬಗೆಯವು ಬರಿಯ ಚರ್ಮದ ಮೇಲೆ ಬಿದ್ದಾಗ, ಚರ್ಮದಲ್ಲಿರುವ ಕೊಬ್ಬಿನಂಥ ಒಂದು ಪದಾರ್ಥವು ಮಾರ್ಪಟ್ಟು ಈ ಜೀವಸತ್ವವಾಗುತ್ತದೆ. ಅನಂತರ ಅದು ರಕ್ತದೊಡನೆ ಸಾಗಿ, ಯಕೃತ್ತಿನಲ್ಲಿಯೂ ಮೂತ್ರಪಿಂಡಗಳಲ್ಲಿಯೂ ಹದಗೊಂಡು, ಉಂಡ ಆಹಾರದಲ್ಲಿರುವ ಸುಣ್ಣದ ಅಂಶವನ್ನು ಕರುಳಿನಿಂದ ರಕ್ತಕ್ಕೆ ಸೇರಿಸುವ ಕೆಲಸವನ್ನು ಮಾಡುತ್ತದೆ. ಜೀವಸತ್ವವು ಸಾಕಷ್ಟಿದ್ದರೆ ಆಹಾರದ ಸುಣ್ಣದಲ್ಲಿ ನೂರಕ್ಕೆ ಸುಮಾರು 30 ರಿಂದ 40 ಪಾಲು ಮೈಗೆ ಹತ್ತುತ್ತದೆ. ಇಲ್ಲದಿದ್ದರೆ 10 ರಿಂದ 15 ಪಾಲು ಮಾತ್ರ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತಲೂ ಹೆಚ್ಚು ಸುಣ್ಣವಿದೆ. ಮುದ್ದೆಯುಣ್ಣುವ ಮನೆಯವರು ಪುಣ್ಯವಂತರೆಂದೇ ಹೇಳಬೇಕು. ಆದರೆ ಬಿಸಿಲು ಕಾಣದ ಮೈಗೆ ಆ ಮುದ್ದೆಯ ಸುಣ್ಣದಲ್ಲಿ ಬಹುಪಾಲು ದಕ್ಕದೆ ಹೋಗುತ್ತದೆ.

ಈ ಸಂಗತಿಯು ಬೆಳಕಿಗೆ ಬಂದ ಬಗೆಯೂ ಸ್ವಾರಸ್ಯವಾದುದು. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಜರ್ಮನಿಯ ಬರ್ಲಿನ್ ನಗರದಲ್ಲಿ ಮೂಳೆ ಮೆತ್ತಗಾಗಿ ಕೈಕಾಲು ಸೊಟ್ಟಗಾದ ಮಕ್ಕಳು ಬಹಳವಾಗಿದ್ದರು. ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯರು ಇಂಥ ಮಕ್ಕಳ ಮೈಗೆ ಅತಿನೇರಳೆ ಕಿರಣಗಳನ್ನು ಬೀರುವ ದೀಪದ ಬೆಳಕನ್ನು ಹಾಯಿಸಿದರು; ಮೂಳೆಗಳು ಗಟ್ಟಿಯಾದವು. ಬೆಳಕನ್ನು ಒಂದೇ ತೋಳಿಗೆ ಹಾಯಿಸಿದಾಗಲೂ ಎರಡು ತೋಳುಗಳ ಮೂಳೆಗಳೂ ಗುಣ ಹೊಂದುತ್ತಿದ್ದುದು ಕ್ಷಕಿರಣ ಚಿತ್ರದಲ್ಲಿ ಕಂಡುಬಂದಿತು. 1919ರಲ್ಲಿ ಅವರು ಇದನ್ನು ಪ್ರಕಟಿಸಿದರು. ಚರ್ಮದಲ್ಲಿ ಹುಟ್ಟಿದ ಯಾವುದೋ ವಸ್ತುವು ರಕ್ತದ ಮೂಲಕ ಮೈಯೆಲ್ಲಾ ಹರಡುತ್ತದೆಂದು ಇದರಿಂದ ತಿಳಿಯಿತು. ಆದುದರಿಂದ ಬಿಸಿಲಿಗೆ ಮೈಯೆಲ್ಲವನ್ನೂ ಒಡ್ಡಬೇಕಾಗಿಲ್ಲ. ತೋಳು, ಮೀನಗಂಡ, ಬೆನ್ನಿನ ಮೇಲ್ಭಾಗ ಇಷ್ಟಕ್ಕೆ ಬಿಸಿಲು ತಾಗಿದರೂ ಅದರ ಫಲವು ಎಲ್ಲ ಎಲುಬುಗಳಿಗೂ ಮುಟ್ಟುತ್ತದೆ.

ಕೊರತೆಯಾದರೆ ಏನಾಗುತ್ತದೆ? ಕೂಸಿನ ನೆತ್ತಿ ಬೇಗ ಕೂಡುವುದಿಲ್ಲ, ಹಲ್ಲು ತಡವಾಗಿ ಮೂಡುತ್ತದೆ, ಮಣಿಕಟ್ಟು ಊದಿದಂತೆ ದಪ್ಪವಾಗುತ್ತದೆ, ನಡೆಯತೊಡಗಿದ ಮೇಲೆ ಕಾಲುಗಳು ಬಿಲ್ಲಿನಂತೆ ಬಾಗುತ್ತವೆ. ಕೆಲವು ಕೂಸುಗಳಿಗೆ ರಕ್ತದ ಸುಣ್ಣವು ಕುಸಿದು ಸೆಳವು ಬರುವುದೂ ಉಂಟು. (ಫ್ಲೋರೈಡ್ ಹೆಚ್ಚಾಗಿರುವ ಕೊಳವೆಬಾವಿಯ ನೀರನ್ನು ಕುಡಿಯುವ ಊರುಗಳಲ್ಲಿಯೂ ಮಕ್ಕಳ ಕಾಲು ಸೊಟ್ಟಗಾಗಬಹುದು, ಕಾರಣವನ್ನು ನೀವೇ ತೀರ್ಮಾನಿಸದೆ ವೈದ್ಯರಿಗೆ ತೋರಿಸಿ.) ಹೆಣ್ಣುಮಗುವಿನಲ್ಲಿ ಹಾನಿಯು ಅಲ್ಲಿಗೇ ಮುಗಿಯುವುದಿಲ್ಲ. ಬಾಲ್ಯದಲ್ಲಿ ಕಿಬ್ಬೊಟ್ಟೆಯ ಎಲುಬಿನ ಗೂಡು ಮೆತ್ತಗಾಗಿ ಕಿರಿದಾದರೆ, ಮುಂದೆ ಅವಳು ತಾಯಿಯಾಗುವ ಹೊತ್ತಿನಲ್ಲಿ ಕೂಸು ಹೊರಬರಲು ದಾರಿ ಸಾಲದೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯವಾಗಬಹುದು. ದೊಡ್ಡ ಹೆಂಗಸರಲ್ಲಿ ಸೊಂಟ, ತೊಡೆ, ಪಕ್ಕೆಲುಬುಗಳ ನೋವು ಕಾಣಿಸಿಕೊಳ್ಳುತ್ತದೆ, ನೆಲದಿಂದೇಳಲು ಕೈಯೂರಬೇಕಾಗುತ್ತದೆ. “ಹೆತ್ತ ಮೇಲೆ ಸೊಂಟ ಹಿಡಿಯುವುದು ಸಹಜ” ಎಂದು ಇದನ್ನು ಕಡೆಗಣಿಸುವವರೇ ಹೆಚ್ಚು. ಮೊದಲೇ ಜೀವಸತ್ವದ ಕೊರತೆಯುಳ್ಳ ತಾಯಿಗೆ ಹೆರಿಗೆಯ ಮೇಲೆ ಹೆರಿಗೆಯಾದರೆ ಅವಳ ಎಲುಬಿಗೆ ಚೇತರಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ಎರಡು ಹೆರಿಗೆಗಳ ನಡುವೆ ಕನಿಷ್ಠ 3 ವರ್ಷಗಳ ಅಂತರವಿರಲೆಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಈಗ ಬಾಣಂತಿಯ ಕೋಣೆಯನ್ನು ನೋಡೋಣ. ಗಾಳಿ ತಗುಲೀತು, ಶೀತವಾದೀತು ಎಂಬ ಹೆದರಿಕೆಯಿಂದ ಕಿಟಕಿ ಮುಚ್ಚಿ, ತಲೆಗೆ ಬಟ್ಟೆ ಕಟ್ಟಿ, ತಾಯಿಯನ್ನೂ ಕೂಸನ್ನೂ ವಾರಗಟ್ಟಲೆ ಕತ್ತಲಲ್ಲಿ ಇರಿಸುವ ವಾಡಿಕೆ ಹಲವು ಕಡೆಗಳಲ್ಲಿದೆ. ಹಿರಿಯರ ಉದ್ದೇಶ ಒಳ್ಳೆಯದೇ. ವಿಶ್ರಾಂತಿ, ಬೆಚ್ಚಗಿನ ಆರೈಕೆ, ಎಣ್ಣೆನೀರು ಇವು ಬಾಣಂತಿಗೆ ಬೇಕಾದವುಗಳೇ. ಆದರೆ ಬಿಸಿಲು ಶೀತವಲ್ಲವಷ್ಟೆ! ಮಾಡಿನಲ್ಲಿ ಗಾಜಿನ ಹಂಚು ಇದೆ, ಬೆಳಕು ಬೀಳುತ್ತದೆ ಎನ್ನುವವರುಂಟು. ಗಾಜು ಬೆಳಕನ್ನು ಬಿಡುತ್ತದೆಯೇ ಹೊರತು ಜೀವಸತ್ವವನ್ನು ಉಂಟುಮಾಡುವ ಕಿರಣಗಳನ್ನು ತಡೆದುಬಿಡುತ್ತದೆ. ದಿನವಿಡೀ ಮನೆಯೊಳಗೆ ಕುಳಿತು ಬೀಡಿ ಕಟ್ಟುವ ಹೆಂಗಸರ ಪಾಡೂ ಇದೇ. ಹೊಲದಲ್ಲಿ ದುಡಿಯುವವರು ಈ ವಿಷಯದಲ್ಲಿ ಮೇಲು. ಆದರೆ ಮೈತುಂಬ ಬಟ್ಟೆ ಹೊದ್ದು ದುಡಿದರೆ ಅವರಿಗೂ ಪೂರ್ಣ ಲಾಭವಿಲ್ಲ.

ಎಳೆಬಿಸಿಲಿನಲ್ಲಿಯೇ ಈ ಜೀವಸತ್ವ ತುಂಬಿರುತ್ತದೆಂಬುದು ಜನರ ನಂಬಿಕೆ. ಎಳೆಬಿಸಿಲು ಹಿತಕರವಾದುದು ನಿಜ. ಆದರೆ ಸೂರ್ಯನು ಕೆಳಗಿರುವಾಗ ಕಿರಣಗಳು ಓರೆಯಾಗಿ ಬಹುದೂರ ವಾಯುಮಂಡಲವನ್ನು ಹಾದು ಬರುವುದರಿಂದ ಬೇಕಾದ ಅತಿನೇರಳೆ ಕಿರಣಗಳು ದಾರಿಯಲ್ಲಿಯೇ ಕರಗಿಹೋಗುತ್ತವೆ. 2013ರಲ್ಲಿ ಪ್ರಕಟವಾದ ತಿರುಪತಿಯ ಅಧ್ಯಯನವೊಂದರಲ್ಲಿಯೂ ಹಗಲು 11 ರಿಂದ 2 ಗಂಟೆಯವರೆಗಿನ ಬಿಸಿಲೇ ಹೆಚ್ಚು ಫಲಕಾರಿಯೆಂದು ಕಂಡುಬಂದಿದೆ. ಇದಕ್ಕೆ ಗಡಿಯಾರವೂ ಬೇಡ, ನಿಮ್ಮ ನೆರಳೇ ಸಾಕು. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಕೆಲಸಕ್ಕೆ ಬರುತ್ತದೆ. ಉದ್ದವಾಗಿದ್ದರೆ ಅಷ್ಟಾಗಿ ಬರುವುದಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ 10 ಗಂಟೆಗೇ ನೆರಳು ಗಿಡ್ಡವಾಗಿರುತ್ತದೆ. ಆಗಲೇ ಬಿಸಿಲು ಕಾಯಿಸಿಕೊಳ್ಳಿ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಮೇ ತಿಂಗಳ ನಡುಹಗಲಿನಲ್ಲಿ ಗರ್ಭಿಣಿಯಾಗಲಿ ಬಾಣಂತಿಯಾಗಲಿ ಬಿಸಿಲಿಗೆ ಕೂರಕೂಡದು. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ನಡುಹಗಲೇ ಸರಿ. ತಲೆಗೆ ಸೆರಗು ಹೊದ್ದು, ತೋಳುಕಾಲುಗಳನ್ನು ತೆರೆದು ಅರ್ಧ ಗಂಟೆ ಕುಳಿತರೆ ಸಾಕು. ಚರ್ಮವು ಉರಿಯುವವರೆಗೆ ಕೂರುವುದರಿಂದ ಹೆಚ್ಚಿನ ಲಾಭವಿಲ್ಲ. ಒಂದು ಮಿತಿಯ ಮೇಲೆ ಅದೇ ಬಿಸಿಲು ಹೆಚ್ಚುವರಿ ಪದಾರ್ಥವನ್ನು ನಿರುಪಯುಕ್ತವಾಗಿ ಮಾರ್ಪಡಿಸಿಬಿಡುತ್ತದೆ. ಕಪ್ಪು ಮೈಬಣ್ಣದವರಿಗೆ ಕೊಂಚ ಹೆಚ್ಚು ಹೊತ್ತು ಬೇಕು. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲು ಅಪರೂಪ. ಆದರೆ ಮೊದಲೇ ಗಳಿಸಿದ ಜೀವಸತ್ವವು ಮೈಯ ಕೊಬ್ಬಿನಲ್ಲಿ ಕೆಲವು ವಾರಗಳ ಮಟ್ಟಿಗೆ ಕೂಡಿಟ್ಟಂತೆ ಇರುತ್ತದೆ.

ಗಂಡನಾದವನಿಗೂ ಇಲ್ಲಿ ಕೆಲಸವಿದೆ. ಹಿತ್ತಲಿನಲ್ಲಿ ಆಳೆತ್ತರಕ್ಕೆ ಒಂದು ತಟ್ಟಿಯನ್ನು ಕಟ್ಟಿಕೊಟ್ಟರೆ ಹೆಂಡತಿಯು ಸಂಕೋಚವಿಲ್ಲದೆ ಬಿಸಿಲಿಗೆ ಕೂರಬಹುದು. ತಾಯಿಗೆ ಈ ಮಾತನ್ನು ಮನವರಿಕೆ ಮಾಡಿಕೊಡಬೇಕಾದವನೂ ಅವನೇ. ಸೊಸೆಯ ಬಾಯಿಂದ ಬಂದರೆ ಅದು ಎದುರುಮಾತಾಗಿ ಕೇಳಿಸೀತು.

ಕೂಸಿನ ವಿಷಯ ಬೇರೆ. 6 ತಿಂಗಳೊಳಗಿನ ಕೂಸನ್ನು ಉರಿಬಿಸಿಲಿಗೆ ಒಡ್ಡಬಾರದು. ಅದರ ಚರ್ಮ ಬಲು ಎಳೆಯದು. ಹುಟ್ಟುವಾಗ ಕೂಸಿನ ಮೈಯಲ್ಲಿರುವ ಜೀವಸತ್ವವೆಲ್ಲವೂ ತಾಯಿಯಿಂದ ಬಂದುದು. ಅವಳಲ್ಲಿ ಕೊರತೆಯಿದ್ದರೆ ಕೂಸೂ ಬರಿಗೈಯಲ್ಲಿ ಹುಟ್ಟುತ್ತದೆ. ಎದೆಹಾಲಿನಲ್ಲಿ ಈ ಜೀವಸತ್ವ ಅತ್ಯಲ್ಪ. ಹಾಗೆಂದು ಎದೆಹಾಲನ್ನು ಬಿಟ್ಟು ಬೇರೆ ಹಾಲು ಕೊಡಬೇಡಿ. ಮೊದಲ 6 ತಿಂಗಳು ಎದೆಹಾಲೇ ಪೂರ್ಣ ಆಹಾರ. ಜೊತೆಗೆ ದಿನಕ್ಕೆ 400 ಯೂನಿಟ್ ‘ಡಿ’ ಜೀವಸತ್ವದ ಹನಿಗಳನ್ನು ಒಂದು ವರ್ಷದವರೆಗೆ ಕೊಡಬೇಕೆಂದು ಮಕ್ಕಳ ತಜ್ಞರ ಸಲಹೆ. ಎಷ್ಟು ಹನಿಯೆಂಬುದನ್ನು ವೈದ್ಯರಿಂದ ಕೇಳಿ ತಿಳಿಯಿರಿ. ಸೀಸೆಯಿಂದ ಸೀಸೆಗೆ ಬಲ ಬೇರೆಯಿರುತ್ತದೆ.

ಆಹಾರದಿಂದ ದೊರೆಯುವುದು ಸ್ವಲ್ಪವೇ. ಬೂತಾಯಿ, ಬಂಗುಡೆ ಮೊದಲಾದ ಮೀನುಗಳಲ್ಲಿಯೂ ಮೊಟ್ಟೆಯ ಹಳದಿಯಲ್ಲಿಯೂ ಇದೆ. ಸಸ್ಯಾಹಾರದಲ್ಲಿ ಇಲ್ಲವೆಂದೇ ಹೇಳಬೇಕು. ಇನ್ನೊಂದು ಮಾತು: ಮೈಗೆ ಉಪಕಾರಿಯಾದ ಬಿಸಿಲು ಹಾಲಿಗೆ ಉಪಕಾರಿಯಲ್ಲ. ಬಿಸಿಲಿನಲ್ಲಿಟ್ಟ ಹಾಲು ತನ್ನ ರೈಬೋಫ್ಲೇವಿನ್ ಎಂಬ ‘ಬಿ’ ಜೀವಸತ್ವವನ್ನು ಬೇಗನೆ ಕಳೆದುಕೊಳ್ಳುತ್ತದೆ. ನುಗ್ಗೆಸೊಪ್ಪನ್ನು ಒಣಗಿಸುವುದಾದರೂ ನೆರಳಿನಲ್ಲಿಯೇ ಒಣಗಿಸಿ. ಬಿಸಿಲಿಗೆ ಅದರ ‘ಎ’ ಜೀವಸತ್ವ ಕುಂದುತ್ತದೆ.

ಬಿಸಿಲಿನಿಂದ ಈ ಜೀವಸತ್ವವು ವಿಷವಾಗುವಷ್ಟು ಹೆಚ್ಚುವುದಿಲ್ಲ, ಔಷಧಿಯಿಂದ ಹೆಚ್ಚಬಹುದು. 60,000 ಯೂನಿಟ್‌ನ ಪುಡಿಯ ಪೊಟ್ಟಣವನ್ನಾಗಲಿ, ಚುಚ್ಚುಮದ್ದನ್ನಾಗಲಿ ವೈದ್ಯರು ಹೇಳದೆ ಅಂಗಡಿಯಿಂದ ತಂದು ಪದೇಪದೇ ತೆಗೆದುಕೊಂಡರೆ ರಕ್ತದಲ್ಲಿ ಸುಣ್ಣ ಮಿತಿಮೀರಿ ಮೂತ್ರಪಿಂಡ ಕೆಡುತ್ತದೆ. ಸರ್ಕಾರದ ಕಾರ್ಯಕ್ರಮದಂತೆ ಗರ್ಭಿಣಿಗೆ 4ನೆಯ ತಿಂಗಳಿನಿಂದಲೂ, ಹೆರಿಗೆಯ ಅನಂತರ 6 ತಿಂಗಳೂ ಸುಣ್ಣದ ಮಾತ್ರೆಗಳನ್ನು ಉಚಿತವಾಗಿ ಕೊಡಲಾಗುತ್ತದೆ. ಒಂದೊಂದರಲ್ಲಿ 500 ಮಿಲಿಗ್ರಾಂ ಸುಣ್ಣವೂ 250 ಯೂನಿಟ್ ‘ಡಿ’ ಜೀವಸತ್ವವೂ ಇರುತ್ತವೆ. ದಿನಕ್ಕೆ ಎರಡನ್ನು, ಊಟದೊಡನೆ ಒಂದೊಂದರಂತೆ ನುಂಗತಕ್ಕದ್ದು. ಕಬ್ಬಿಣಾಂಶದ ಮಾತ್ರೆಯನ್ನು ಇದರೊಡನೆ ಸೇರಿಸಬೇಡಿ; ಸೇರಿಸಿದರೆ ಕಬ್ಬಿಣವು ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡರ ನಡುವೆ ಕನಿಷ್ಠ 2 ಗಂಟೆಗಳ ಅಂತರವಿರಲಿ. ಮಾತ್ರೆಗಳು ಮುಗಿಯುವ ಮುನ್ನವೇ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಅಥವಾ ಉಪಕೇಂದ್ರದ ಆರೋಗ್ಯ ಸಹಾಯಕಿಗೆ ತಿಳಿಸಿರಿ.