ಟರ್ಬೋ ಸಿಯಲ್ಲಿ ಒಂದು ಎಕರೆ ಹಿಡಿಸಲ್ಲ!

ಮಂಚೇನಹಳ್ಳಿ ಕಡೆಯ ಯಾವ ರೈತರನ್ನು ಕೇಳಿದರೂ ಹೇಳ್ತಾರೆ, ಎಕರೆಗೆ 40 ಗುಂಟೆ. ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರ ಅಡಿ. ಈಗ ಎರಡು ಇಂಟ್ ವೇರಿಯಬಲ್‌ಗಳಲ್ಲಿ 40 ಮತ್ತು 1089 ಇಟ್ಟು ಗುಣಿಸಿ, ಉತ್ತರವನ್ನು ಮೂರನೇ ಇಂಟ್‌ಗೆ ಹಾಕಿ ಪ್ರಿಂಟ್ ಮಾಡೋಣ. ಲ್ಯಾಪ್‌ಟಾಪಿನ ಜಿಸಿಸಿ 43560 ಎನ್ನುತ್ತದೆ. ಟರ್ಬೋ ಸಿ -21976 ಎನ್ನುತ್ತದೆ. ಜಮೀನೇ ಮೈನಸ್ಸಿಗೆ ಹೋಯ್ತು!

ಕಾರಣ ಸರಳ. ಟರ್ಬೋ ಸಿ 1987ರಲ್ಲಿ ಬೋರ್ಲೆಂಡ್ ಕಂಪನಿ ಡಾಸ್‌ಗಾಗಿ ತಂದ 16 ಬಿಟ್ ಕಂಪೈಲರ್. ಅದರ ಇಂಟ್‌ಗೆ 2 ಬೈಟ್, ಗರಿಷ್ಠ ಬೆಲೆ 32767. ನಮ್ಮ ಎಕರೆ ಅದನ್ನು ಮೀರಿತು. 43560ರಲ್ಲಿ 65536 ಕಳೆದರೆ ಬರುವ ಸಂಖ್ಯೆ ಪರದೆ ಮೇಲೆ ಬಂತು. ಹಾಗಂತ ಟರ್ಬೋ ಸಿಯನ್ನು ಬೈಯುವಂತಿಲ್ಲ. ಇಂಟ್‌ಗೆ ಕನಿಷ್ಠ 16 ಬಿಟ್ ಇರಬೇಕು ಅಂತಷ್ಟೇ ಸಿ ಸ್ಟ್ಯಾಂಡರ್ಡ್ ಹೇಳುವುದು. 4 ಬೈಟ್ ಕೊಡುವುದು ಇವತ್ತಿನ ಕಂಪೈಲರ್‌ಗಳ ಆಯ್ಕೆ.

ಹೀಗೇ ಕೋನಿಯೋ ಹೆಡರ್, ಕ್ಲಿಯರ್ ಸ್ಕ್ರೀನ್, ಗೆಟ್‌ಸಿಎಚ್ ಇವು ಯಾವುದೂ ಸಿ ಭಾಷೆಯ ಸ್ಟ್ಯಾಂಡರ್ಡಿನಲ್ಲಿಲ್ಲ. ಲಿನಕ್ಸ್‌ನಲ್ಲಿ ಜಿಸಿಸಿಗೆ ಕೊಟ್ಟರೆ 'ಅಂಥ ಫೈಲೇ ಇಲ್ಲ' ಅನ್ನುತ್ತೆ. ನೀಲಿ ಪರದೆಯಲ್ಲೇ ಕಲಿತವರಿಗೆ ಭಾಷೆ ಯಾವುದು, ಕಂಪೈಲರಿನ ಅಭ್ಯಾಸ ಯಾವುದು ಅಂತ ಗೊತ್ತಾಗುವುದು ಕಂಪೈಲರ್ ಬದಲಾಯಿಸಿದಾಗಲೇ.

ಬದಲಾಯಿಸಲು ದುಡ್ಡು ಬೇಕಿಲ್ಲ. ರಿಚರ್ಡ್ ಸ್ಟಾಲ್ಮನ್ ಜಿಸಿಸಿಯನ್ನು ಹೊರತಂದದ್ದೂ ಅದೇ 1987ರಲ್ಲಿ. ಕ್ಲ್ಯಾಂಗ್ ಕೋಡ್ ಎಲ್ಲರಿಗೂ ತೆರೆದದ್ದು 2007ರಲ್ಲಿ. ಅದು ಕೂತಿರುವುದು ಎಲ್‌ಎಲ್‌ವಿಎಂ ಮೇಲೆ. ಇದನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಎಂಬ ವಿದ್ಯಾರ್ಥಿ ಮತ್ತು ಅವರ ಮೇಷ್ಟ್ರು ವಿಕ್ರಮ್ ಆಡ್ವೆ ಶುರು ಮಾಡಿದರು. ಎರಡೂ ಓಪನ್ ಸೋರ್ಸ್: ಒಳಗಿನ ಕೋಡ್ ಓದಬಹುದು, ತಿದ್ದಬಹುದು, ಹಂಚಬಹುದು.

ಲ್ಯಾಪ್‌ಟಾಪ್ ಇಲ್ಲದವರು ಲ್ಯಾಬಿನ ಸರದಿಗೆ ಕಾಯಬೇಕಿಲ್ಲ. ಆಂಡ್ರಾಯ್ಡ್ ಫೋನಿಗೆ ಟರ್ಮಕ್ಸ್ ಹಾಕಿ, 'ಪಿಕೆಜಿ ಇನ್‌ಸ್ಟಾಲ್ ಕ್ಲ್ಯಾಂಗ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಸಾಕು, ಕಂಪೈಲರ್ ಜೇಬಿನಲ್ಲಿ. ಒಮ್ಮೆ ಇಳಿಸಿಕೊಂಡ ಮೇಲೆ ನೆಟ್ ಕೂಡ ಬೇಡ. ಮಂಚೇನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಓಡಾಡುವ ಗೆಳೆಯರಿಗೆ ದಾರಿಯಲ್ಲೇ ಎರಡು ಪ್ರೋಗ್ರಾಂ ಆಗುತ್ತೆ.

ಮೊದಲ ಪ್ರೋಗ್ರಾಂ ಯಾವುದು ಅಂತೀರಾ? ನಿಮ್ಮ ಮನೆಯ ಜಮೀನನ್ನೇ ಚದರ ಅಡಿಗೆ ಬದಲಾಯಿಸಿ ನೋಡಿ. ಜೊತೆಗೆ ಸೈಜ್‌ಆಫ್ ಬಳಸಿ ಇಂಟ್ ಎಷ್ಟು ಬೈಟ್ ಅಂತಾನೂ ಕೇಳಿ.